ಮನೆಯಲ್ಲಿ ಓದಿನ ಎಡೆ

ಮನೆ ಕಟ್ಟುವಾಗ ದೇವರಿಗೊಂದು ಮೂಲೆಯನ್ನೂ ಒಲೆಗೊಂದು ಮೂಲೆಯನ್ನೂ ಮೊದಲೇ ನಿಶ್ಚಯಿಸುವುದು ನಮ್ಮಲ್ಲಿ ಬಹು ಹಳೆಯ ರೂಢಿ. ಈಚೆಗೆ ಮಕ್ಕಳ ಓದಿನ ಕೋಣೆಗೂ ಮೂಲೆಯನ್ನು ವಿಚಾರಿಸುವುದು ಹೆಚ್ಚಾಗಿದೆ. ನಾಡಿನ ಹೊರಗೆ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಬಾಳುವ ನಮ್ಮ ಕುಟುಂಬಗಳಲ್ಲಿಯೂ ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ಈ ಪ್ರಶ್ನೆ ಏಳುತ್ತದೆ. ಮಗುವಿನ ಮೇಜು ಈಶಾನ್ಯದಲ್ಲಿಲ್ಲವೆಂದು ತಾಯಿ ಕೊರಗುತ್ತಾಳೆ. ಗೋಡೆ ಒಡೆಸಿದರೆ ಎಷ್ಟು ಖರ್ಚಾದೀತೆಂದು ತಂದೆ ಲೆಕ್ಕ ಹಾಕುತ್ತಾನೆ. ಆದುದರಿಂದ ನಮ್ಮ ಹಿರಿಯರು ಓದಿಗೆ ಯಾವ ಎಡೆಯನ್ನು ಕೊಟ್ಟಿದ್ದರು, ಯಾವ ಕಾರಣದಿಂದ ಕೊಟ್ಟಿದ್ದರು ಎಂಬುದನ್ನು ಹಳೆಯ ಗ್ರಂಥಗಳಿಂದಲೂ ಶಾಸನಗಳಿಂದಲೂ ತಿಳಿದುಕೊಳ್ಳುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನಿವೇಶನವನ್ನು 81 ಅಥವಾ 64 ಮನೆಗಳಾಗಿ ಭಾಗಿಸುವ ಕ್ರಮವನ್ನು ಅವನು ವಿವರಿಸುತ್ತಾನೆ. ನಾಲ್ಕು ಮೂಲೆಗಳ ವಿಷಯದಲ್ಲಿ ಅವನ ಮಾತು ಸ್ಪಷ್ಟವಾಗಿದೆ: ಈಶಾನ್ಯದಲ್ಲಿ ದೇವರ ಮನೆ, ಆಗ್ನೇಯದಲ್ಲಿ ಅಡುಗೆ ಮನೆ, ನೈಋತ್ಯದಲ್ಲಿ ಪಾತ್ರೆ ಪದಾರ್ಥಗಳು, ವಾಯವ್ಯದಲ್ಲಿ ಹಣ ಮತ್ತು ಧಾನ್ಯ. ಈ ನಾಲ್ಕರಲ್ಲಿ ಓದಿನ ಕೋಣೆಯಿಲ್ಲ. ಆ ಕಾಲದವರಿಗೆ ಓದು ಬೇಡವಾಗಿತ್ತೆಂದು ಇದರ ಅರ್ಥವಲ್ಲ. ಓದು ಗುರುವಿನ ಮನೆಯಲ್ಲಿಯೋ ಬಯಲಿನಲ್ಲಿಯೋ ನಡೆಯುತ್ತಿದ್ದಿತು. ಆಶ್ವಲಾಯನ ಗೃಹ್ಯಸೂತ್ರವು ಸ್ವಾಧ್ಯಾಯ ಮಾಡುವವನಿಗೆ ಊರಿನಿಂದ ಮೂಡಣಕ್ಕೋ ಬಡಗಣಕ್ಕೋ ಹೊರಟು, ಶುಚಿಯಾದ ನೆಲದಲ್ಲಿ ಪೂರ್ವಾಭಿಮುಖವಾಗಿ ಕುಳಿತು, ಆಕಾಶವೂ ಭೂಮಿಯೂ ಕೂಡುವ ರೇಖೆಯನ್ನು ನೋಡುತ್ತ ಓದಬೇಕೆಂದು ವಿಧಿಸುತ್ತದೆ. ಇಷ್ಟು ವಿಶಾಲವಾದ ಓದಿನ ಕೋಣೆಯನ್ನು ಯಾವ ಶಿಲ್ಪಿ ಕಟ್ಟಿಯಾನು!

ನಮ್ಮ ಕನ್ನಡದಲ್ಲಿಯೂ ಈ ಶಾಸ್ತ್ರ ಬಹು ಹಿಂದೆಯೇ ಬಂದಿತು. ಕ್ರಿ. ಶ. 1025ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ವಾಸ್ತುವನ್ನು ಅಂತರ್ಜಲದ ಶೋಧನೆ, ಗಿಡಮರಗಳ ಪೋಷಣೆ, ಅಡುಗೆ ಮುಂತಾದುವುಗಳ ಸಾಲಿನಲ್ಲಿಯೇ ಇರಿಸಿದೆ. ಬಾವಿ ತೋಡುವುದು, ಸಸಿ ನೆಡುವುದು ಹೇಗೋ ಹಾಗೆಯೇ ಮನೆ ಕಟ್ಟುವುದೂ ಗೃಹಸ್ಥನಿಗೆ ಬೇಕಾದ ವ್ಯವಹಾರಜ್ಞಾನವೆಂದು ಅವನು ಎಣಿಸಿದನೆಂಬುದು ಗಮನಾರ್ಹ.

ಓದಿಗೆ ಪ್ರತ್ಯೇಕವಾದ ಕೋಣೆಯನ್ನು ಹೆಸರಿಸುವ ಪ್ರಸಿದ್ಧ ಗ್ರಂಥವೆಂದರೆ ಕ್ರಿ. ಶ. 1600ರಲ್ಲಿ ಕಾಶಿಯಲ್ಲಿ ರಾಮದೈವಜ್ಞನು ರಚಿಸಿದ ಮುಹೂರ್ತಚಿಂತಾಮಣಿ. ಅವನ ಮನೆಗೆ ಹದಿನಾರು ಎಡೆಗಳು. ಪೂರ್ವದಿಂದ ಕ್ರಮವಾಗಿ ಎಂಟು ದಿಕ್ಕುಗಳಲ್ಲಿ ಸ್ನಾನ, ಅಡುಗೆ, ಶಯನ, ಆಯುಧ, ಭೋಜನ, ಧಾನ್ಯ, ಭಂಡಾರ, ದೇವರು. ಇವುಗಳ ನಡುನಡುವೆ ಮೊಸರು ಕಡೆಯುವ ಎಡೆ, ತುಪ್ಪದ ಎಡೆ, ಶೌಚ, ವಿದ್ಯಾಭ್ಯಾಸ, ದುಃಖಪಡುವವರ ಎಡೆ, ದಂಪತಿಗಳ ಎಡೆ, ಔಷಧ, ಕೊನೆಗೆ ಎಲ್ಲ ಬಗೆಯ ವಸ್ತುಗಳ ಎಡೆ. ಈ ಪಟ್ಟಿಯಲ್ಲಿ ವಿದ್ಯಾಭ್ಯಾಸದ ಸ್ಥಾನ ಯಾವುದು? ನೈಋತ್ಯಕ್ಕೂ ಪಶ್ಚಿಮಕ್ಕೂ ನಡುವೆ! ಈಶಾನ್ಯದಲ್ಲಿರುವುದು ದೇವರು. ಓದಿನ ಕೋಣೆ ಅಲ್ಲಿಂದ ಹೆಚ್ಚುಕಡಿಮೆ ಎದುರಿನ ಕಡೆಗಿದೆ. 1990ರ ದಶಕದಿಂದೀಚೆಗೆ ವಾಸ್ತು ಸಲಹೆ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಮಕ್ಕಳ ಮೇಜು ಈಶಾನ್ಯದಲ್ಲಿಯೇ ಇರಬೇಕೆಂದು ಹಣ ಪಡೆದು ಹೇಳುವವರು ಈ ಹಳೆಯ ಪಟ್ಟಿಯನ್ನು ನಮಗೆ ತೋರಿಸುವುದು ಅಪರೂಪ.

ರಾಮದೈವಜ್ಞನು ಕಾರಣವನ್ನು ಹೇಳಿಲ್ಲ. ಆದರೆ ಮನೆಯ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಂಡರೆ ಒಂದು ಔಚಿತ್ಯ ನಮಗೆ ತೋರುತ್ತದೆ. ನೀರು, ಬೆಂಕಿ, ಕಡೆಗೋಲು, ಇವುಗಳ ಗದ್ದಲವೆಲ್ಲ ಮೂಡಣ ಪಾರ್ಶ್ವದಲ್ಲಿದೆ. ಓದುವವನು ಅದರಿಂದ ದೂರವಾಗಿ, ಮನೆಯ ಇನ್ನೊಂದು ಪಾರ್ಶ್ವದಲ್ಲಿ ಕುಳಿತಿದ್ದಾನೆ. ಹದಿನಾರು ಎಡೆಗಳ ಮನೆ ಶ್ರೀಮಂತರ ಮನೆ ಎಂಬುದನ್ನೂ ಮರೆಯುವಂತಿಲ್ಲ. ಆಯುಧಕ್ಕೊಂದು, ಅಳುವುದಕ್ಕೊಂದು ಕೋಣೆಯಿದ್ದ ಮನೆಯಲ್ಲಿ ಓದಿಗೊಂದು ಕೋಣೆ ದೊರೆತುದು ಆಶ್ಚರ್ಯವಲ್ಲ.

ಕೋಣೆ ಎಲ್ಲಿರಬೇಕೆಂಬುದು ಒಂದು ವಿಷಯ, ಓದುವವನು ಎತ್ತ ಮುಖ ಮಾಡಬೇಕೆಂಬುದು ಇನ್ನೊಂದು. ಎರಡನ್ನೂ ಬೆರೆಸಿ ನಾವು ಗೊಂದಲಕ್ಕೊಳಗಾಗುತ್ತೇವೆ. ಆಶ್ವಲಾಯನನು ಪೂರ್ವವನ್ನು ಹೇಳಿದರೆ, ಮನುಸ್ಮೃತಿಯು ಅಧ್ಯಯನಕ್ಕೆ ತೊಡಗುವ ಶಿಷ್ಯನು ಉತ್ತರಾಭಿಮುಖನಾಗಿರಬೇಕೆನ್ನುತ್ತದೆ. ಇದರಲ್ಲಿ ಅನುಭವದ ಸಾರವೂ ಇದೆ. ಸೂರ್ಯನ ಬಿಸಿಲು ವರ್ಷದ ಬಹುಭಾಗ ನೇರವಾಗಿ ಬೀಳದ ಬಡಗಣ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮನಾಗಿ ಶಾಂತವಾಗಿರುತ್ತದೆ. ಮೂಡಣಕ್ಕೆ ಮುಖ ಮಾಡಿ ಕುಳಿತವನ ಎಡಗಡೆ ಬಡಗಣ ದಿಕ್ಕು. ಬಲಗೈಯಲ್ಲಿ ಬರೆಯುವವನಿಗೆ ಎಡಗಡೆಯಿಂದ ಬೆಳಕು ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯಲ್ಲಿ ಬರೆಯುವ ಮಗುವಿದ್ದರೆ ಬೆಳಕು ಬಲಗಡೆಯಿಂದ ಬರಬೇಕು. ಅದಕ್ಕಾಗಿ ಮಗುವಿನ ಕೈಯನ್ನು ಬದಲಿಸಬೇಕಾಗಿಲ್ಲ, ಮೇಜನ್ನು ತಿರುಗಿಸಿದರೆ ಸಾಕು.

ಓದಿಗೆ ಬೆಳಕು ಬೇಕೆಂಬುದನ್ನು ನಮ್ಮ ನಾಡಿನವರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಕಲ್ಲೇ ಸಾಕ್ಷಿ. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ಕ್ರಿ. ಶ. 945ರ ಶಾಸನದಂತೆ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ 27 ವಸತಿಗೃಹಗಳಿದ್ದುವು; ದೀಪಕ್ಕಾಗಿಯೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನವು ಸುಮಾರು 250 ವಿದ್ಯಾರ್ಥಿಗಳ ಜೊತೆಗೆ 6 ಮಂದಿ ಸರಸ್ವತೀ ಭಂಡಾರಿಗರನ್ನು, ಎಂದರೆ ಗ್ರಂಥಪಾಲಕರನ್ನು, ಹೆಸರಿಸುತ್ತದೆ. ದೀಪಕ್ಕೆ ಹೊಲ, ಪುಸ್ತಕಕ್ಕೆ ಪಾಲಕ: ನಮ್ಮವರ ಓದಿನ ವ್ಯವಸ್ಥೆಯಲ್ಲಿ ಇವು ಗಟ್ಟಿಯಾದ ಎರಡು ಕಂಬಗಳು.

ಸಾಮಾನ್ಯರ ಮನೆಗಳಲ್ಲಿ ಓದಿನ ಕೋಣೆಯೆಂಬುದು ಇರಲಿಲ್ಲ. ಓದಿನ ಎಡೆ ಇದ್ದಿತು. ಬೆಳಗಿನ ಹೊತ್ತು ಜಗಲಿ ಅಥವಾ ಪಡಸಾಲೆ, ಬಿಸಿಲೇರಿದ ಮೇಲೆ ತೊಟ್ಟಿಯ ಅಂಚು. ಗೋಡೆಯ ಗೂಡಿನಲ್ಲಿ ಹಣತೆ, ಹಲಗೆಯ ನಾಗಂದಿಗೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟು, ಓದುವಾಗ ಮುಂದೆ ವ್ಯಾಸಪೀಠ. ಹುಣಸೆ ಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಬರೆದ ವರದಿಯಿಂದ ಆಗ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವೆಂದು ತಿಳಿಯುತ್ತದೆ. ಬೆಳಗ್ಗೆ 6 ಗಂಟೆಯ ಸುಮಾರಿಗೆ ಪಾಠ ಮೊದಲಾಗುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ತಡವಾಗಿ ಬಂದವರಿಗೆ ಏಟು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು.

ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯೂ ಇದೆ. ಆ ಶಾಲೆಗಳ 6,641 ಮಕ್ಕಳಲ್ಲಿ ಹಿಂದೂ ಹುಡುಗಿಯರು ಕೇವಲ 60. ಹಳೆಯ ಅಗ್ರಹಾರ ಘಟಿಕಾಸ್ಥಾನಗಳ ಬಾಗಿಲೂ ಎಲ್ಲ ಜಾತಿಯವರಿಗೆ ತೆರೆದಿರಲಿಲ್ಲ. ಹಿರಿಯರ ಗುಣವನ್ನು ಎಣಿಸುವಾಗ ಈ ಕೊರತೆಯನ್ನೂ ಎಣಿಸುವುದು ನ್ಯಾಯ. ಮನೆಯಲ್ಲಿ ಒಂದೇ ಮೇಜಿದ್ದು ಅದು ಮಗನಿಗೆ ಮೀಸಲಾಗಿ, ಮಗಳು ಅಡುಗೆ ಮನೆಯ ಹೊಸ್ತಿಲಲ್ಲಿ ಕುಳಿತು ಓದುವಂತಾದರೆ ಆ ದೋಷವನ್ನು ಯಾವ ದಿಕ್ಕೂ ಪರಿಹರಿಸಲಾರದು.

ಇನ್ನು ನಮ್ಮ ಇಂದಿನ ಊರುಗಳ ಮಾತು. ಗ್ರಂಥದ ವಿಧಿ ಒಂದೇ ಆದರೂ ಮಳೆ ಗಾಳಿಗಳು ಎಲ್ಲೆಡೆ ಒಂದೇ ಅಲ್ಲ. ಮುಂಬಯಿಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದು ನೈಋತ್ಯದ ಮಳೆ. ಅಲ್ಲಿ ಹೊರಗೋಡೆಯ ನೈಋತ್ಯ ಮೂಲೆಗೆ ಪುಸ್ತಕದ ಕಪಾಟನ್ನು ಒತ್ತಿ ನಿಲ್ಲಿಸಿದರೆ ಶಾಸ್ತ್ರ ನಡೆದರೂ ಪುಸ್ತಕಕ್ಕೆ ಬೂಷ್ಟು ಹಿಡಿಯಬಹುದು. ಚೆನ್ನೈಯಲ್ಲಿ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದಿಂದ. ಅಲ್ಲಿ ಎಚ್ಚರಿಕೆ ಬೇಕಾದುದು ಈಶಾನ್ಯದ ಗೋಡೆಗೆ. ದೆಹಲಿಯಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ಪಡುವಣದಿಂದ ಬಿಸಿಗಾಳಿ ಬೀಸುತ್ತದೆ. ಹೈದರಾಬಾದು, ಪುಣೆಗಳಲ್ಲಿ ಬೇಸಗೆಯ ಅಪರಾಹ್ನ ಪಡುವಣ ಗೋಡೆ ಕಾಯುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ, ನೆಲದಿಂದ ಸ್ವಲ್ಪ ಮೇಲಕ್ಕೆ ಇರಿಸುವುದು ಎಲ್ಲ ಊರಿಗೂ ಸಲ್ಲುತ್ತದೆ.

ಹೀಗಾಗಿ ನಮ್ಮ ಅಭಿಪ್ರಾಯವಿದು. ಹಳೆಯ ಗ್ರಂಥಗಳು ಓದಿಗೆ ಒಂದೇ ಮೂಲೆಯನ್ನು ಕಟ್ಟಿಕೊಟ್ಟಿಲ್ಲ. ಒಂದೊಂದು ಒಂದೊಂದನ್ನು ಹೇಳಿದೆ. ಅವುಗಳೆಲ್ಲವನ್ನೂ ಕೂಡಿಸಿ ನೋಡಿದಾಗ ಉಳಿಯುವುದು ಬೆಳಕು, ನಿಶ್ಶಬ್ದ, ಶುಚಿ, ನಿಯತವಾದ ಹೊತ್ತು. ಮೂಡಣಕ್ಕೆ ಮುಖ ಮಾಡುವ ಅನುಕೂಲವಿದ್ದರೆ ಸಂತೋಷ. ಅದು ಹಿರಿಯರ ಸ್ಮರಣೆಯೂ ಆಯಿತು. ಇಲ್ಲದಿದ್ದರೆ ಗೋಡೆ ಒಡೆಯುವ ಹಣದಲ್ಲಿ ಒಂದು ಒಳ್ಳೆಯ ದೀಪ, ಮಗುವಿನ ಎತ್ತರಕ್ಕೆ ತಕ್ಕ ಮಣೆಯೋ ಮೇಜೋ, ಒಂದು ಕಪಾಟು ಕೊಳ್ಳಬಹುದು. ಸಂಜೆ ಎರಡು ಗಂಟೆಯ ಕಾಲ ಟೆಲಿವಿಷನ್ನೂ ದೊಡ್ಡವರ ಕೈಯ ಮೊಬೈಲೂ ಸುಮ್ಮನಿದ್ದರೆ ರಾಮದೈವಜ್ಞನ ಹದಿನಾರು ಎಡೆಗಳ ಮನೆಯ ಶಾಂತಿ ಒಂದೇ ಕೋಣೆಯಲ್ಲಿ ದೊರೆತೀತು.

ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ನಮ್ಮ ಊರುಗಳ ಹುಡುಗರಿಗೆ ಯಾವ ದಿಕ್ಕಿನ ಕೋಣೆಯಿತ್ತು? ಮಲಗಲು ಅಂಗೈಯಗಲ ಜಾಗವಿಲ್ಲದವರಿಗೆ ಸಮಾಜ ಸಂಜೆಯ ಹೊತ್ತು ಒಂದು ದೀಪವನ್ನೂ ಒಂದು ಬೆಂಚನ್ನೂ ಕೊಟ್ಟಿತು. ಸಾಲೋಟಗಿಯ ದೀಪದ ಹೊಲದ ಧರ್ಮವೇ ಅದು. ಅಲ್ಲಿ ಅಕ್ಷರ ಕಲಿತವರ ಮಕ್ಕಳು ಮೊಮ್ಮಕ್ಕಳು ಇಂದು ಬೇರೆ ಬೇರೆ ಭಾಷೆಗಳ ಶಾಲೆಗಳಲ್ಲಿ ಓದುತ್ತಿದ್ದಾರೆ. ಅವರ ಕಪಾಟಿನಲ್ಲಿ ಕನ್ನಡ ಪುಸ್ತಕಗಳಿಗೆ ಒಂದು ಸಾಲು ಬಿಡುವುದೂ ವಾರಕ್ಕೊಂದು ಸಂಜೆ ಅದರಿಂದ ಒಂದನ್ನು ತೆಗೆದು ಮನೆಮಂದಿಯೆಲ್ಲ ಕೂಡಿ ಓದುವುದೂ ನಮ್ಮ ಕೈಯಲ್ಲಿದೆ. ನವರಾತ್ರಿಯಲ್ಲಿ ಸರಸ್ವತಿಯ ಮುಂದೆ ಇರಿಸುವ ಪುಸ್ತಕಗಳಲ್ಲಿ ಅದೂ ಒಂದಿರಲಿ. ವಿಜಯದಶಮಿಯಂದು ಮಕ್ಕಳು ಮೊದಲು ಅದನ್ನೇ ತೆರೆಯಲಿ.