ಹನ್ನೆರಡನೆಯ ತಿಂಗಳ ರಸೀದಿ: ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಬಾಡಿಗೆದಾರರ ಕಾನೂನು ರಕ್ಷಣೆ

ಕಲಬುರಗಿ ಜಿಲ್ಲೆಯ ಸುಣ್ಣಕಲ್ಲಿನ ನೆಲದಲ್ಲಿ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ್ ಕಲ್ಲಿನ ಗಣಿಗಳು ಮತ್ತು ವಾಡಿ ಜಂಕ್ಷನ್ ಸುತ್ತ ಹೊರಗಿನಿಂದ ಬಂದು ನೆಲೆಸಿದವರ ಸಂಖ್ಯೆ ದೊಡ್ಡದು. ಗುತ್ತಿಗೆ ಕಾರ್ಮಿಕರು, ಲಾರಿ ಚಾಲಕರು, ವರ್ಗವಾಗಿ ಬಂದ ಶಿಕ್ಷಕಿಯರು, ನರ್ಸ್‌ಗಳು ಕಿರಾಯಿ ಮನೆಯನ್ನೇ ನೆಚ್ಚಿಕೊಂಡವರು. ಇಲ್ಲಿ ಮನೆ ಸಿಗುವುದು ಬಹುಪಾಲು ಬಾಯಿಮಾತಿನ ಮೇಲೆ. ಖಾಲಿ ಮಾಡಿಸುವುದೂ ಬಾಯಿಮಾತಿನ ಮೇಲೆಯೇ. ಇಂಥವರನ್ನು ಬಾಡಿಗೆ ನಿಯಂತ್ರಣ ಕಾಯ್ದೆ ಕಾಪಾಡುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಅವರ ನಿಜವಾದ ಆಸರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಅದಕ್ಕೆ ಜೀವ ಕೊಡುವ ಸಣ್ಣಪುಟ್ಟ ಕಾಗದಗಳು ಎಂಬುದು ಈ ಲೇಖನದ ವಾದ.

ನಿಯಂತ್ರಣದ ಚರಿತ್ರೆ ಈ ಭಾಗಕ್ಕೆ ಹೊಸದಲ್ಲ. ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1954ರಲ್ಲಿ, ಮನೆ ಬಾಡಿಗೆ ಮತ್ತು ತೆರವಿನ ಬಗ್ಗೆ ಪ್ರತ್ಯೇಕ ಕಾಯ್ದೆ ಬಂದಿತ್ತು. ಏಕೀಕರಣದ ನಂತರ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಅದರ ಜಾಗಕ್ಕೆ ಬಂತು. ಅದನ್ನು ತೆಗೆದುಹಾಕಿದ ಕರ್ನಾಟಕ ಬಾಡಿಗೆ ಕಾಯ್ದೆ, 1999, ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಈ ಕಾಯ್ದೆಯ ಬಾಗಿಲು ಕಿರಿದು. ಮೊದಲ ಅನುಸೂಚಿಯ ಪ್ರದೇಶಗಳಿಗಷ್ಟೇ ಅನ್ವಯ. ದೊಡ್ಡ ನಗರಗಳ ಪಟ್ಟಿಯ ಹೊರಗೆ ತಿಂಗಳಿಗೆ 2000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗೆ ಅದು ತಾಗುವುದಿಲ್ಲ. ಹೊಸದಾಗಿ ಕಟ್ಟಿದ ಮನೆಗೆ 15 ವರ್ಷ ವಿನಾಯಿತಿ. ಕಾರ್ಖಾನೆಗಳ ಸುತ್ತ ಈಚೆಗೆ ಎದ್ದ ಮನೆಗಳಲ್ಲಿ ಎಷ್ಟು ಇದರೊಳಗೆ ಉಳಿದಾವು ಎಂಬುದನ್ನು ಓದುಗರೇ ಊಹಿಸಬಹುದು.

ಹಾಗಾದರೆ ಹೊರಗುಳಿದವರಿಗೆ ಏನು? ಇಲ್ಲಿಯ ಕರಾರುಗಳು ಹೆಚ್ಚಾಗಿ 11 ತಿಂಗಳಿನವು. ಕಾರಣ ಎಲ್ಲರಿಗೂ ಗೊತ್ತು: ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಆದರೆ 12ನೆಯ ತಿಂಗಳಿನಿಂದ ಬಾಡಿಗೆದಾರನ ಸ್ಥಿತಿ ಏನೆಂದು ಕೇಳುವವರು ವಿರಳ. ಆಸ್ತಿ ವರ್ಗಾವಣೆ ಕಾಯ್ದೆಯ 116ನೆಯ ಕಲಮು ಇದಕ್ಕೆ ಉತ್ತರ ಕೊಡುತ್ತದೆ. ಅವಧಿ ಮುಗಿದ ಮೇಲೂ ಮಾಲೀಕ ಬಾಡಿಗೆ ಸ್ವೀಕರಿಸಿದರೆ, ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಗ 106ನೆಯ ಕಲಮಿನಂತೆ 15 ದಿನಗಳ ನೋಟಿಸ್ ಕೊಡದೆ ಅದನ್ನು ಕೊನೆಗೊಳಿಸಲಾಗದು. ಹೀಗಾಗಿ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಬಾಳುವ ದಾಖಲೆ 12ನೆಯ ತಿಂಗಳ ರಸೀದಿ. ನಗದು ಕೊಟ್ಟರೆ ತಿಂಗಳು, ಮೊತ್ತ, ಮನೆ ನಂಬರು ಬರೆಸಿ ಸಹಿ ಪಡೆಯಬೇಕು. ಫೋನ್‌ಪೇ ಮಾಡಿದರೆ ‘ಯಾವ ತಿಂಗಳ ಬಾಡಿಗೆ’ ಎಂದು ಅಲ್ಲೇ ನಮೂದಿಸಬೇಕು. ಡಿಪಾಸಿಟ್ ಹಣಕ್ಕೂ ಬೇರೆ ರಸೀದಿ ಇರಬೇಕು.

ನೋಂದಣಿಯಾಗದ ಕರಾರು ವ್ಯರ್ಥ ಎಂದು ಹೆದರಿಸುವುದುಂಟು. ಆಂಥೋನಿ ವಿರುದ್ಧ ಕೆ.ಸಿ. ಇಟ್ಟೂಪ್ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಈ ಭಯವನ್ನು ಹೋಗಲಾಡಿಸಿದೆ: ಪತ್ರ ನೋಂದಣಿಯಾಗದಿದ್ದರೂ, ಮನೆ ಒಪ್ಪಿಸಿ ಬಾಡಿಗೆ ಪಡೆದ ನಡವಳಿಕೆಯಿಂದಲೇ ಬಾಡಿಗೆದಾರಿಕೆ ಸಿದ್ಧವಾಗಬಲ್ಲದು. ಛಾಪಾ ಕಾಗದದಲ್ಲಿ ಉಳಿತಾಯ ಮಾಡುವುದು ಮಾತ್ರ ಅಪಾಯ. ಸುಂಕ ಕಡಿಮೆಯಾದರೆ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೆಯ ಕಲಮು ಆ ಕಾಗದವನ್ನು ಸಾಕ್ಷ್ಯವಾಗಿ ತಡೆಯುತ್ತದೆ. ಬಾಕಿ ಸುಂಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ದಾರಿ ತೆರೆಯುತ್ತದೆ.

ಬೀಗ ಹಾಕಿ ಸಾಮಾನು ಹೊರಗಿಡುವುದು ಬಲ ಪ್ರದರ್ಶನವೇ ಹೊರತು ಕಾನೂನಲ್ಲ. ಕೃಷ್ಣರಾಮ್ ಮಹಾಳೆ ಪ್ರಕರಣದಲ್ಲಿ (1989) ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ನೆಲೆಯಾದ ಸ್ವಾಧೀನದಲ್ಲಿರುವವನನ್ನು, ಅವನಿಗೆ ಉಳಿಯುವ ಹಕ್ಕು ಇಲ್ಲದಿದ್ದರೂ, ನ್ಯಾಯಾಲಯದ ಮೂಲಕವಲ್ಲದೆ ಹೊರಹಾಕಲಾಗದು. ಹಾಗೆ ಹೊರಬಿದ್ದವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಬೇಕು. ಈ ಗಡುವು ತಪ್ಪಿದರೆ ಈ ಸುಲಭದ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಕಲ್ಲುಚಪ್ಪಡಿಯ ಚಾವಣಿಯ ಸಂದಿಯಿಂದ ನೀರು ಇಳಿದು ಹಾಸಿಗೆ ತೋಯ್ದಾಗ ‘ನೀವೇ ನೋಡಿಕೊಳ್ರಿ’ ಎನ್ನುವ ಮಾಲೀಕರಿಗೂ ಉತ್ತರವಿದೆ. ದುರಸ್ತಿ ಮಾಲೀಕನ ಹೊಣೆಯಾಗಿದ್ದರೆ, ತಿಳಿಸಿ ಕಾದ ಮೇಲೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು (ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮು). ತಿಳಿಸಿದ್ದು ಬರಹದಲ್ಲಿರಲಿ, ದುರಸ್ತಿ ಯಾರ ಹೊಣೆ ಎಂಬುದು ಮೊದಲೇ ಕರಾರಿನಲ್ಲಿರಲಿ.

ಕರಾರುಪತ್ರದ ಬೆಲೆ ಈಚೆಗೆ ಜನರಿಗೆ ಗೊತ್ತಾದದ್ದು ವಿದ್ಯುತ್ತಿನಿಂದ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಪಡೆದ ಗೃಹಜ್ಯೋತಿ ಯೋಜನೆ ಬಾಡಿಗೆದಾರರನ್ನೂ ಒಳಗೊಂಡಿತು; ವಾಸವನ್ನು ತೋರಿಸುವ ದಾಖಲೆ ಮತ್ತು ಮೀಟರಿನ ಆರ್.ಆರ್. ನಂಬರು ಬೇಕಾಯಿತು. ಮೂರ್ನಾಲ್ಕು ಮನೆಗೆ ಒಂದೇ ಮೀಟರು ಇಟ್ಟ ಕಡೆ ಒಟ್ಟು ಬಳಕೆ 200 ಯೂನಿಟ್ ದಾಟಿ, ಎಲ್ಲ ಬಾಡಿಗೆದಾರರೂ ಉಚಿತ ವಿದ್ಯುತ್ತಿನಿಂದ ವಂಚಿತರಾಗುತ್ತಾರೆ. ಮನೆ ಹಿಡಿಯುವಾಗ ಪ್ರತ್ಯೇಕ ಮೀಟರು ಇದೆಯೇ ಎಂದು ಕೇಳುವುದು ಇದರಿಂದ ಅನಿವಾರ್ಯವಾಗಿದೆ. 2003ರ ವಿದ್ಯುತ್ ಕಾಯ್ದೆಯ 43ನೆಯ ಕಲಮು ಮಾಲೀಕನಿಗಷ್ಟೇ ಅಲ್ಲ, ವಾಸವಿರುವವನಿಗೂ ಸಂಪರ್ಕ ಕೇಳುವ ಹಕ್ಕು ಕೊಟ್ಟಿದೆ. ಮಾಲೀಕನ ಒಪ್ಪಿಗೆಪತ್ರವಿಲ್ಲ ಎಂದು ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರ ದಿಲೀಪ್ ಪ್ರಕರಣದಲ್ಲಿ ಹೇಳಿದೆ.

ಕಾರ್ಖಾನೆಯ ಕಾಲೊನಿ ಮನೆಗಳು ಈ ಚರ್ಚೆಯ ಆಚೆಗಿವೆ. ಅಲ್ಲಿ ವಾಸ ನೌಕರಿಗೆ ಅಂಟಿದ್ದು. ಕೆಲಸ ಬಿಟ್ಟ ಮೇಲೂ ಮನೆ ಬಿಡದಿದ್ದರೆ 2013ರ ಕಂಪನಿ ಕಾಯ್ದೆಯ 452ನೆಯ ಕಲಮಿನಡಿ ಅದು ಅಪರಾಧ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ, ಜೊತೆಗೆ ಬಾಡಿಗೆ ರಸೀದಿಗಳ ನಕಲು ಕೊಟ್ಟು ನೆರವು ಕೇಳಬಹುದು.