ಖಾಲಿ ತೋಟಾ ಈಚೆಗೆ ಬರಲಿಲ್ಲ, ತಪ್ಪು ಯಾರದ್ದು?

ಚುನಾವಣೆ ಘೋಷಣೆ ಆಗಿದ್ದೇ ತಡ, ನಮ್ಮ ಹಳ್ಳಿಗಳಲ್ಲಿ ಒಂದು ಮೆರವಣಿಗೆ ಶುರುವಾಗುತ್ತೆ. ಪಕ್ಷದ್ದಲ್ಲ, ಬಂದೂಕಿಂದು. ಲೈಸೆನ್ಸ್ ಇರೋರು ಠಾಣೆಗೆ ಹೋಗಿ ಒಪ್ಪಿಸಬೇಕು. ದೇವನಹಳ್ಳಿ ಕಡೆ ಅಂಥದ್ದೇ ಒಂದು ದಿನ, ದ್ರಾಕ್ಷಿ ತೋಟದ ಯಜಮಾನರೊಬ್ಬರು ತಾತನ ಕಾಲದ ಜೋಡಿನಳಿಗೆ ಬಂದೂಕು ಹಿಡಿದು ನಿಂತಿದ್ದರು. ನನ್ನ ಮೈಕ್ ನೋಡಿ ಅವರು ರಾಜಕೀಯ ಮಾತಾಡಲಿಲ್ಲ. "ಏನಪ್ಪಾ, ನೀನು ಇಂಜಿನಿಯರಿಂಗ್ ಓದಿದೋನಂತೆ. ಹಾರಿಸಿದ ಮೇಲೆ ಖಾಲಿ ತೋಟಾ ಈಚೆಗೆ ಬರ್ತಾನೇ ಇಲ್ಲ. ಎಜೆಕ್ಟರ್ ಸ್ಪ್ರಿಂಗು ಹೋಗಿದೆ ಅಂತಾರೆ, ನಿಜವಾ?" ಅಂದರು.

ಗೊತ್ತಿಲ್ಲ ಯಜಮಾನರೇ ಅಂದೆ. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಹುಡುಕ್ತಾ ಹೋದರೆ, ವೀಕ್ಷಕರೇ, ಈ ಚಿಕ್ಕ ರಿಪೇರಿ ಪ್ರಶ್ನೆಯ ಹಿಂದೆ ದೊಡ್ಡ ದೊಡ್ಡ ಯುದ್ಧಗಳೇ ಇವೆ.

ಅವರು ನಿಂತಿದ್ದ ಊರನ್ನೇ ನೋಡಿ. 1749ರ ದೇವನಹಳ್ಳಿ ಮುತ್ತಿಗೆಯಲ್ಲೇ ಹೈದರಾಲಿ ಅನ್ನೋ ಹೆಸರು ಮೈಸೂರು ಸೇನೆಯಲ್ಲಿ ಮೇಲೆ ಬಂದಿದ್ದು. ಟಿಪ್ಪು ಹುಟ್ಟಿದ್ದೂ ಇಲ್ಲೇ. 1791ರಲ್ಲಿ ಕಾರ್ನ್‌ವಾಲಿಸ್ ಸೇನೆ ಕೈಗೆ ಕೋಟೆ ಹೋಯ್ತು. ಈ ಇಡೀ ಕಥೆಯಲ್ಲಿ ಸಾವಿರಾರು ಬಂದೂಕು ಸಿಡಿದಿವೆ, ಆದರೆ ಒಂದೇ ಒಂದು ಖಾಲಿ ತೋಟಾ ನೆಲಕ್ಕೆ ಬಿದ್ದಿಲ್ಲ. ಯಾಕೆ? ಆಗ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಿ ಗಜಕಡ್ಡಿಯಿಂದ ಜಡಿಯುತ್ತಿದ್ದರು. ಹಾರಿದ ಮೇಲೆ ಒಳಗೆ ಮಸಿ ಬಿಟ್ಟರೆ ತೆಗೆಯೋದಕ್ಕೆ ಏನೂ ಉಳಿಯುತ್ತಿರಲಿಲ್ಲ. ಬಂದೂಕು ಹೊತ್ತುತ್ತೋ ಇಲ್ಲವೋ ಅನ್ನೋದೇ ಅವರ ಚಿಂತೆ.

1830ರ ದಶಕದಲ್ಲಿ ಪ್ಯಾರಿಸ್‌ನ ಲೆಫೋಷೆ ಎಂಬ ಬಂದೂಕು ತಯಾರಕ ಹಿಂದಿನಿಂದ ತೋಟಾ ಹಾಕುವ ಕೋವಿಗೆ ದಾರಿ ಮಾಡಿದ. ಮದ್ದು, ಗುಂಡು, ಸಿಡಿಯುವ ಕೇಪು ಎಲ್ಲವೂ ಒಂದೇ ಕೊಳವೆಯಲ್ಲಿ. ಅದ್ಭುತ ಐಡಿಯಾ. ಆದರೆ ಈಗ ಒಂದು ಸಿಪ್ಪೆ ಉಳೀತು. ಅದನ್ನು ಹೊರಗೆ ತೆಗೆಯಬೇಕು. ಇದಕ್ಕೆ ಮೊದಲು ಬಂದಿದ್ದು ಎಕ್ಸ್‌ಟ್ರಾಕ್ಟರ್: ಬಂದೂಕು ಮುರಿದು ತೆರೆದರೆ ತೋಟಾವನ್ನು ಅಂಚು ಹಿಡಿದು ಸ್ವಲ್ಪ ಮೇಲಕ್ಕೆತ್ತುತ್ತೆ, ಉಳಿದದ್ದು ನಿಮ್ಮ ಬೆರಳಿನ ಕೆಲಸ. 1874ರಲ್ಲಿ ಇಂಗ್ಲೆಂಡಿನ ಜೋಸೆಫ್ ನೀಡಮ್ ಎಜೆಕ್ಟರ್‌ಗೆ ಪೇಟೆಂಟ್ ಪಡೆದ. ಹಾರಿದ ತೋಟಾವನ್ನು ಸ್ಪ್ರಿಂಗ್ ಹೊಡೆದು ಆಚೆ ಎಸೆಯುತ್ತೆ, ಹಾರದ್ದನ್ನು ಸುಮ್ಮನೆ ಎತ್ತಿ ತೋರಿಸುತ್ತೆ.

ಈಗ ಅಸಲಿ ವಿಷಯ. ಬಂದೂಕು ಸಿಡಿದಾಗ ತೋಟಾ ಒಳಗಿನ ಒತ್ತಡಕ್ಕೆ ಹಿಗ್ಗಿ ಚೇಂಬರ್‌ನ ಗೋಡೆಗೆ ಒತ್ತಿಕೊಳ್ಳುತ್ತೆ. ಹೊಗೆ ಹಿಂದಕ್ಕೆ ಬರದಂತೆ ಅದೇ ಬಿರಡೆ. ಒತ್ತಡ ಇಳಿದ ಮೇಲೆ ಲೋಹ ಕೂದಲೆಳೆಯಷ್ಟು ಕುಗ್ಗಿ ಸಡಿಲ ಆಗಬೇಕು. ಗೋಡೆಯಲ್ಲಿ ತುಕ್ಕಿನ ಗುಳಿ ಇದ್ದರೆ? ಹಿಗ್ಗಿದ ತೋಟಾ ಅದರೊಳಗೆ ಕಚ್ಚಿಕೊಂಡು ಕೂರುತ್ತೆ. ಹಿಂದೆ ತೋಟಾ ಕಾಗದದ್ದಾಗಿತ್ತು, ಮಳೆಗಾಲದಲ್ಲಿ ಹಾರಿಸೋಕೆ ಮುಂಚೆಯೇ ಉಬ್ಬಿಕೊಳ್ಳುತ್ತಿತ್ತು. ಪ್ಲಾಸ್ಟಿಕ್ ತೋಟಾ ಬಂದಿದ್ದು 1960ರಲ್ಲಿ. ಇನ್ನೊಂದು ಅಪಾಯ, ತಾತನ ಬಂದೂಕು ಇಟ್ಟುಕೊಂಡವರು ಗಮನಿಸಿ: ಹಳೇ ಇಂಗ್ಲಿಷ್ ಹನ್ನೆರಡು ಬೋರಿನ ಎಷ್ಟೋ ಬಂದೂಕುಗಳ ಚೇಂಬರ್ 65 ಮಿಲಿಮೀಟರ್. ಈಗಿನ ಸಾಮಾನ್ಯ ತೋಟಾ 70. ಬಾಯಿ ಮಡಚಿರೋದ್ರಿಂದ ಒಳಗೇನೋ ಹೋಗುತ್ತೆ. ಸಿಡಿದು ಮಡಿಕೆ ಬಿಚ್ಚಿದಾಗ ಮುಂದೆ ಜಾಗ ಇರಲ್ಲ. ಒತ್ತಡ ಏರುತ್ತೆ. ತೋಟಾ ಸಿಕ್ಕಿಹಾಕಿಕೊಳ್ಳೋದು ಆಗ ಬರೀ ಸಣ್ಣ ತೊಂದರೆ.

ಅಂದರೆ ಎಷ್ಟೋ ಸಲ ಸ್ಪ್ರಿಂಗ್ ನಿರಪರಾಧಿ. ಇತಿಹಾಸದಲ್ಲಿ ಮಾತ್ರ ದೂರು ಸದಾ ಬೇರೆ ಯಾರದೋ ಮೇಲೆ ಬಿದ್ದಿದೆ.

1876ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್ ಮತ್ತು ಅವನ ಜೊತೆಗಿದ್ದ ತುಕಡಿ ಪೂರ್ತಿ ಸತ್ತಾಗ, ಮೆತ್ತಗಿನ ತಾಮ್ರದ ತೋಟಾ ಕಚ್ಚಿಕೊಂಡಿದ್ದೇ ಕಾರಣ ಅಂತ ಸುದ್ದಿ ಆಯ್ತು. ತೊಂದರೆ ಇದ್ದದ್ದು ನಿಜ. ಆದರೆ 1984ರಲ್ಲಿ ಅಲ್ಲಿ ಅಗೆದವರಿಗೆ ಮೀಟಿ ತೆಗೆದ ಗುರುತಿರೋ ತೋಟಾ ಸಿಕ್ಕಿದ್ದು ಕೆಲವೇ ಕೆಲವು! ಸುಡಾನ್‌ನ ಅಬು ಕ್ಲಿಯಾದಲ್ಲಿ, 1885ರಲ್ಲಿ, ಬ್ರಿಟಿಷರ ಮಾರ್ಟಿನಿ-ಹೆನ್ರಿ ರೈಫಲ್‌ಗಳು ಕೈಕೊಟ್ಟವು. ಅದರ ತೋಟಾ ತೆಳು ಹಿತ್ತಾಳೆ ತಗಡು ಸುತ್ತಿ ಮಾಡಿದ್ದು, ಬಿಸಿಗೆ ಮತ್ತು ಮರಳಿಗೆ ತಡೆಯಲಿಲ್ಲ.

ನನ್ನ ಹೊಟ್ಟೆ ಉರಿಸಿದ್ದು ವಿಯೆಟ್ನಾಂ. ಎಂ-16 ರೈಫಲ್ ಹೊಸದಾಗಿ ಬಂತು. ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತೆ ಅನ್ನೋ ನಂಬಿಕೆ ಹಬ್ಬಿತ್ತು, ಶುಚಿ ಮಾಡೋ ಸಾಮಾನನ್ನು ಬೇಕಾದಷ್ಟು ಕಳಿಸಲಿಲ್ಲ. ವಿನ್ಯಾಸಕಾರರು ಪರೀಕ್ಷಿಸಿದ್ದ ಮದ್ದನ್ನು ಬಿಟ್ಟು ಬೇರೆ ಮದ್ದು ತುಂಬಿದರು. ಚೇಂಬರ್‌ಗೆ ಕ್ರೋಮ್ ಲೇಪನ ಕೊಡಲಿಲ್ಲ, ಆ ದೇಶದ ತೇವಕ್ಕೆ ತುಕ್ಕು ಹಿಡೀತು. ಖಾಲಿ ತೋಟಾ ಒಳಗೇ ಸಿಕ್ಕಿಹಾಕಿಕೊಂಡಿತು. ಕೋವಿ ಬಿಚ್ಚಿಟ್ಟುಕೊಂಡು, ಕಡ್ಡಿಯಿಂದ ತೋಟಾ ತಳ್ಳುತ್ತಲೇ ಹುಡುಗರು ಸತ್ತರು. ಮೇಲಿನವರು ಹೇಳಿದ್ದೇನು? ಸೈನಿಕರು ಸರಿಯಾಗಿ ಶುಚಿ ಮಾಡ್ತಿಲ್ಲ! 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ತನಿಖೆ ಮಾಡಿ, ಇದು ಅಪರಾಧದ ಅಂಚಿಗೆ ಬಂದ ನಿರ್ಲಕ್ಷ್ಯ ಅನ್ನೋವರೆಗೂ ಹೋಯ್ತು. ಆಮೇಲೆ ಕ್ರೋಮ್ ಬಂತು, ಶುಚಿ ಮಾಡೋದನ್ನು ಕಲಿಸೋಕೆ ಚಿತ್ರಕಥೆ ಪುಸ್ತಕವೂ ಬಂತು. ಸತ್ತವರು ಬರಲಿಲ್ಲ.

ಅಮೆರಿಕಕ್ಕೆ ತಡವಾಗಿ ಹೊಳೆದದ್ದು ನಮ್ಮ ಕೊಡಗಿನ ಪಂಚಾಂಗದಲ್ಲೇ ಇದೆ. ಮಳೆ ಇಳಿದು ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೈಲ್‌ಪೋದ್. ಮನೆಯ ಕೋವಿಗಳನ್ನೆಲ್ಲ ತೊಳೆದು ಒರೆಸಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂವು. ಮಳೆಗಾಲದ ತುಕ್ಕು ಒಳಗೆ ಬೇರು ಬಿಡೋ ಮುಂಚೆಯೇ ಎಣ್ಣೆಬಟ್ಟೆ ನಳಿಗೆಯೊಳಗೆ ಹೋಗಿರುತ್ತೆ. ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಸರಿಯೋ ತಪ್ಪೋ ಅಂತ ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಜಗಳ ಆಡಬಹುದು, ಕೋವಿ ಒರೆಸೋದರ ಬಗ್ಗೆ ಜಗಳ ಇಲ್ಲ.

ದೇವನಹಳ್ಳಿ ಯಜಮಾನರಿಗೆ ಫೋನ್ ಮಾಡಿದೆ. ನೀವೇ ಬಿಚ್ಚೋಕೆ ಹೋಗಬೇಡಿ, ಲೈಸೆನ್ಸ್ ಇರೋ ರಿಪೇರಿಯವರ ಹತ್ತಿರವೇ ಹೋಗಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಅಂಗಡಿಗೂ ಪರವಾನಗಿ ಬೇಕು ಅಂದೆ. ಚುನಾವಣೆ ಮುಗಿದು ಬಂದೂಕು ವಾಪಸ್ ಬಂದ ಮೇಲೆ ತೋರಿಸಿಕೊಂಡು ಬಂದು ಅವರೇ ಕರೆ ಮಾಡಿದರು.

"ಸ್ಪ್ರಿಂಗು ಗಟ್ಟಿಮುಟ್ಟಾಗಿದೆಯಂತಪ್ಪ. ಬಲಗಡೆ ನಳಿಗೆ ಒಳಗೆ ತುಕ್ಕು. ಒಂದು ಮಳೆಗಾಲ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೆ."

ಸ್ಪ್ರಿಂಗ್ ಹೋಗಿದೆ ಅಂತ ಮೊದಲು ಹೇಳಿದ್ದು ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಕಣಪ್ಪ" ಅಂದರು.