ಬೆವರೂ ಪರಿಮಳವೂ

ಬಿ.ಸಿ.ರೋಡಿನ ಬಸ್ಸುನಿಲ್ದಾಣದಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ನಿಂತವರಿಗೆ ಬೆವರಿನ ವಿಚಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೇತ್ರಾವತಿಯ ಕಡೆಯಿಂದ ಗಾಳಿ ಬೀಸಿದರೂ ಅಂಗಿ ಬೆನ್ನಿಗೆ ಅಂಟಿಯೇ ಇರುತ್ತದೆ. ಮೊನ್ನೆ ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಮುಂಜಾನೆ ಅಡಿಕೆತೋಟದಲ್ಲಿ ದುಡಿದು ಕಾಲೇಜಿಗೆ ಬರುವ ಹುಡುಗ. ಎರಡು ಮಾರು ದೂರವೇ ನಿಂತು, “ಸರ್, ನನ್ನಿಂದ ವಾಸನೆ ಬರುತ್ತದೆಯೇ?” ಎಂದು ಕೇಳಿದ. ಮಧ್ಯಾಹ್ನದ ಊಟ ಬಿಟ್ಟು ಉಳಿಸಿದ ದುಡ್ಡಿನಲ್ಲಿ ಸುಗಂಧ ಸಿಂಪಡಿಸುವ ಡಬ್ಬಿಯೊಂದನ್ನು ಕೊಂಡಿದ್ದ. ಆ ಪ್ರಶ್ನೆ ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು.

ನಮ್ಮ ಹಿರಿಯರೇನೂ ಪರಿಮಳವನ್ನು ಅರಿಯದವರಲ್ಲ. 11ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯಗಳ ಜತೆಗೆ ಸುಗಂಧದ್ರವ್ಯಗಳ ವಿಚಾರವೂ ಇದೆ. 12ನೆಯ ಶತಮಾನದ ಚಾಳುಕ್ಯ ದೊರೆ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ವು ಸ್ನಾನವನ್ನೂ ವಿಲೇಪನವನ್ನೂ ಭೋಗಗಳ ಸಾಲಿನಲ್ಲಿ ಇರಿಸುತ್ತದೆ. ಭೋಗವೆಂದರೆ ಸುಖ, ಅಲ್ಲಿ ಅಂಜಿಕೆಯ ಮಾತಿಲ್ಲ. 1914ರ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧ ಇಲ್ಲಿಯೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಮೊದಲಾಯಿತು. ಅದರಿಂದಲೇ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಅರಮನೆಯ ಗಂಧ ಬಚ್ಚಲುಮನೆಗೆ ಬಂದದ್ದು ಹೀಗೆ.

ಅಂಜಿಕೆ ಬಂದುದು ಬೇರೆ ದಾರಿಯಿಂದ. ಅಮೆರಿಕದಲ್ಲಿ 1888ರಲ್ಲಿ ‘ಮಮ್’ ಎಂಬ ಲೇಪನವೂ, 1903ರಲ್ಲಿ ಅಲ್ಯೂಮಿನಿಯಂ ಲವಣದಿಂದ ಬೆವರನ್ನೇ ತಡೆಯುವ ‘ಎವರ್‌ಡ್ರೈ’ಯೂ ಬಂದವು. ಆದರೂ ಕೊಳ್ಳುವವರು ಕಡಿಮೆ. 1919ರಲ್ಲಿ ‘ಒಡೊರೊನೊ’ದವರು ಮಹಿಳಾಪತ್ರಿಕೆಯೊಂದರಲ್ಲಿ ಹೊಸ ಬಗೆಯ ಜಾಹೀರಾತು ಹಾಕಿಸಿದರು: ನಿಮ್ಮ ಕಂಕುಳ ನಾತ ನಿಮಗೆ ತಿಳಿಯದು, ಪಕ್ಕದವರಿಗೆ ತಿಳಿಯುತ್ತದೆ ಎಂಬುದು ಅದರ ಸಾರ. ಇನ್ನೂರರಷ್ಟು ಓದುಗರು ಸಿಟ್ಟಿನಿಂದ ಚಂದಾ ನಿಲ್ಲಿಸಿದರಂತೆ. ಮಾರಾಟ ಮಾತ್ರ ಏರಿತು. ನಾಚಿಕೆಗೂ ಬೆಲೆಯುಂಟೆಂದು ವ್ಯಾಪಾರಿಗಳು ಅಂದು ಕಲಿತರು.

ಹೊಸದಾಗಿ ಸುರಿದ ಬೆವರಿಗೆ ಹೆಚ್ಚು ಕಡಿಮೆ ವಾಸನೆಯೇ ಇಲ್ಲ. ಕಂಕುಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟರೆ ಬಹುಮಟ್ಟಿಗೆ ಸಾಕು.

ಇದನ್ನೆಲ್ಲ ಮರುದಿನ ಹುಡುಗನಿಗೆ ಹೇಳಿದೆ. “ಪರಿಮಳ ಇಷ್ಟವಾದರೆ ಹಚ್ಚಿಕೊಳ್ಳಪ್ಪಾ, ಹೆದರಿ ಮಾತ್ರ ಬೇಡ. ಊಟ ಬಿಡಬೇಡ” ಎಂದೆ. ಅವನು ನಕ್ಕ. ಅಂದು ಬಸ್ಸಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತ. ಇಬ್ಬರೂ ಬೆವರುತ್ತಲೇ ಊರು ಸೇರಿದೆವು.